ಬೆಸುಗೆ ಹಾಕದೆ ರಿಬ್ಬನ್ ಕೇಬಲ್ ಜೋಡಿಸುವುದು: ಜಂಪರ್ ಸಾಕೇ, ಎಫ್‌ಆರ್‌ಸಿ ಬೇಕೇ?

ಅಕ್ಕನ ಮಗಳು ಬೆಂಗಳೂರಿನ ವಿಜಯನಗರದ ಒಂದು ಪಿಜಿಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ಒಂದು ರಾತ್ರಿ ಫೋನ್ ಮಾಡಿ, ‘ಮಾಮ, ಆಂಟಿ ನನ್ನ ಸಾಲ್ಡರಿಂಗ್ ಐರನ್ ಕಿತ್ಕೊಂಡು ಬೀರುವಿನಲ್ಲಿ ಇಟ್ಟುಬಿಟ್ರು’ ಎಂದಳು. ಹಾಸಿಗೆ ಮೇಲೆ ಕೂತು ಬೆಸುಗೆ ಹಾಕುತ್ತಿದ್ದಳಂತೆ. ಹೊದಿಕೆಯಲ್ಲಿ ಬೆರಳು ತೂರುವಷ್ಟು ತೂತು. ಆಂಟಿಯ ತಪ್ಪೇನಿಲ್ಲ ಅನ್ನಿ. ಆದರೆ ಪ್ರಾಜೆಕ್ಟ್ ನಿಲ್ಲಿಸುವ ಹಾಗಿಲ್ಲ. ಅಂಗಡಿಗಳ ಮುಂದೆ ಕೆಂಪಕ್ಷರ ಓಡುತ್ತದಲ್ಲ, ಆ ಪಿ10 ಎಲ್‌ಇಡಿ ಪ್ಯಾನೆಲ್‌ಗೆ ಆರ್ಡುಯಿನೊ ಊನೊ (ಕೋಡ್ ತುಂಬಿಸಿ ನಡೆಸುವ ಪುಟ್ಟ ಬೋರ್ಡು) ಜೋಡಿಸಿ ಕನ್ನಡ ಓಡಿಸಬೇಕು. (ಪ್ಯಾನೆಲ್‌ನ ಎತ್ತರವೇ 16 ಚುಕ್ಕಿ. ಅದರಲ್ಲಿ ‘ಸ್ವಾತಂತ್ರ್ಯ’ ಬರೆಯಲು ಹೋಗಿ ನೋಡಿ, ಒತ್ತಕ್ಷರಕ್ಕೆ ಜಾಗ ಹುಡುಕುವಷ್ಟರಲ್ಲಿ ಬೆಳಗಾಗುತ್ತದೆ. ಅದು ಬೇರೆಯೇ ಪುರಾಣ.)

ಪ್ಯಾನೆಲ್ ಹಿಂದೆ ಎರಡು ಸಾಲಿನ 16 ಪಿನ್, ಅದಕ್ಕೆ ಬೂದು ಬಣ್ಣದ ಚಪ್ಪಟೆ ರಿಬ್ಬನ್ ಕೇಬಲ್. ಊನೊದಲ್ಲಿ ಇರುವುದು ಒಂದೇ ಸಾಲಿನ ತೂತುಗಳು. ಕ್ಲಾಸಿನ ನಾಲ್ವರು ಗೆಳೆಯರು ನಾಲ್ಕು ದಾರಿ ಹೇಳಿದ್ದರು: ಜಂಪರ್ (ತುದಿಯಲ್ಲಿ ಪಿನ್ ಅಥವಾ ತೂತು ಇರುವ ಸಿದ್ಧ ತಂತಿ) ಚುಚ್ಚು, ಎಫ್‌ಆರ್‌ಸಿ (ರಿಬ್ಬನ್ ಕೇಬಲ್‌ಗೆ ಒತ್ತಿ ಕೂರಿಸುವ ಕನೆಕ್ಟರ್) ಒತ್ತಿಸು, ಸ್ಕ್ರೂ ಟರ್ಮಿನಲ್ ಶೀಲ್ಡ್ ತಗೋ, ಸುಮ್ನೆ ತಂತಿ ಸುತ್ತಿ ಟೇಪ್ ಹಾಕು. ಕೊನೆಯದನ್ನು ಬಿಟ್ಟರೆ ಮೂರೂ ಸರಿಯೇ. ಯಾವುದು ಯಾರಿಗೆ ಸರಿ ಎನ್ನುವುದರಲ್ಲೇ ವಿಷಯ ಇರುವುದು. ಇದೇ ಪ್ರಶ್ನೆ ಇಟ್ಟುಕೊಂಡು ಒದ್ದಾಡುವವರು ಇನ್ನೂ ಇದ್ದಾರೆ ಎಂದು ಗೊತ್ತಿರುವುದರಿಂದ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಬೋರ್ಡಿನ ಬಾಯಿ ನೋಡಿ

ಕೇಬಲ್ ಕೊಳ್ಳುವ ಮುಂಚೆ ಬೋರ್ಡನ್ನು ಕೈಯಲ್ಲಿ ಹಿಡಿದು ಅಂಚು ನೋಡಿ. ಅಲ್ಲಿ ಮೇಲೆದ್ದ ಪಿನ್ ಇದೆಯೋ, ಕಪ್ಪು ಪ್ಲಾಸ್ಟಿಕ್‌ನ ತೂತುಗಳಿವೆಯೋ, ಇಲ್ಲಾ ಬರೀ ಖಾಲಿ ರಂಧ್ರಗಳೋ? ಒಂದು ಸಾಲೋ, ಅಕ್ಕಪಕ್ಕ ಎರಡು ಸಾಲೋ? ಅರ್ಧ ತೀರ್ಮಾನ ಇಲ್ಲೇ ಮುಗಿಯುತ್ತದೆ. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಲ್ಲಿ 20 ಪಿನ್‌ನ ಎರಡು ಸಾಲು ಒತ್ತಾಗಿ ನಿಂತಿವೆ. ರಿಬ್ಬನ್ ಕೇಬಲ್‌ನ ಕನೆಕ್ಟರ್ ನೇರ ಕೂರುತ್ತದೆ. ರಾಸ್‌ಬೆರಿ ಪೈ ಪಿಕೊದಲ್ಲೂ 20-20 ಪಿನ್‌ಗಳೇ, ಆದರೆ ಎರಡು ಸಾಲುಗಳ ನಡುವೆ 17.78 ಮಿ.ಮೀ. ಅಂತರ, ಹಾಗಾಗಿ ಕೂರುವುದಿಲ್ಲ. ಇಎಸ್‌ಪಿ32 ಬೋರ್ಡುಗಳದ್ದೂ ಅದೇ ಕಥೆ. ಊನೊದಲ್ಲಿ ಅಂಚಿನ ತೂತುಗಳೆಲ್ಲ ಒಂಟಿ ಸಾಲಿನವು, ಅದರಲ್ಲೂ 7 ಮತ್ತು 8ನೇ ಪಿನ್‌ಗಳ ನಡುವೆ ಮಾಮೂಲಿ 2.54 ಮಿ.ಮೀ. ಬದಲು 4 ಮಿ.ಮೀ.ಗಿಂತ ತುಸು ಹೆಚ್ಚಿನ ಒಂದು ವಿಚಿತ್ರ ಸಂದು. ಆ ಸಂದು ಎಷ್ಟು ಜನರ ತಾಳ್ಮೆ ತಿಂದಿದೆಯೋ ಲೆಕ್ಕವಿಲ್ಲ. ಆರ್ಡುಯಿನೊ ಮೆಗಾದ ಒಂದು ತುದಿಯಲ್ಲಿ ಮಾತ್ರ ಎರಡು ಸಾಲಿನ ತೂತುಗಳು ಸಿಗುತ್ತವೆ.

ಎರಡನೆಯ ಪ್ರಶ್ನೆ, ಕೀಳುವುದು ಹಾಕುವುದು ಎಷ್ಟು ಸಲ? ಮೇಜಿನ ಮೇಲೆ ವಾರ ಇದ್ದು ಬಿಚ್ಚಿಹೋಗುವ ಪ್ರಯೋಗಕ್ಕೂ, ಬ್ಯಾಗಿನಲ್ಲಿ ತುಂಬಿಕೊಂಡು ಬಿಎಂಟಿಸಿ ಬಸ್ಸಿನಲ್ಲಿ ಕಾಲೇಜಿಗೆ ಒಯ್ಯುವ ಪ್ರಾಜೆಕ್ಟಿಗೂ ಒಂದೇ ಜೋಡಣೆ ಆಗುವುದಿಲ್ಲ. ಬೆಸುಗೆ ಇಲ್ಲದ ಯಾವ ಜೋಡಣೆಯಾದರೂ ಲೋಹ ಲೋಹವನ್ನು ಒತ್ತಿ ಹಿಡಿದಿರುವುದಷ್ಟೇ. ಆ ಒತ್ತಡ ಎಷ್ಟು ದಿನ ಉಳಿಯುತ್ತದೆ ಎನ್ನುವುದೇ ಗಟ್ಟಿತನ.

ಮೂರನೆಯದು, ತಂತಿಯಲ್ಲಿ ಏನು ಹರಿಯುತ್ತದೆ? ಸಾಮಾನ್ಯ ರಿಬ್ಬನ್ ಕೇಬಲ್‌ನ ತಂತಿ 28 ಗೇಜ್, ಮೀಟರಿಗೆ ಸುಮಾರು 0.21 ಓಮ್ ತಡೆ. ಅರ್ಧ ಮೀಟರ್ ಕೇಬಲ್‌ನಲ್ಲಿ ಸರ್ವೊ ಮೋಟಾರು 1 ಆಂಪಿಯರ್ ಎಳೆದರೆ ಹೋಗಿ ಬರುವಷ್ಟರಲ್ಲಿ 0.2 ವೋಲ್ಟ್ ಮಾಯ. ಸಿಗ್ನಲ್‌ಗೆ ಇದು ಧಾರಾಳ, ಮೋಟಾರಿಗೂ ಎಲ್‌ಇಡಿ ಪಟ್ಟಿಗೂ ಸಾಲದು. ಪಿ10 ಪ್ಯಾನೆಲ್‌ನಲ್ಲೂ ರಿಬ್ಬನ್ ಬರೀ ಸಿಗ್ನಲ್ ಹೊರುತ್ತದೆ. 5 ವೋಲ್ಟ್ ವಿದ್ಯುತ್ತಿಗೆ ಬೇರೆ ದಪ್ಪ ತಂತಿ, ಬೇರೆ ಟರ್ಮಿನಲ್.

ನಾಲ್ಕನೆಯದು, ಉಲ್ಟಾ ಹಾಕಿದರೆ ಏನಾಗುತ್ತದೆ? ನೀವೇ ಹಾಕುವುದಾದರೆ ಎಚ್ಚರ ಇರುತ್ತದೆ. ಎಕ್ಸಿಬಿಷನ್ ದಿನ ಗೆಳೆಯ ಹಾಕುತ್ತಾನೆ ಎಂದಾದರೆ ಕನೆಕ್ಟರ್‌ಗೇ ಬುದ್ಧಿ ಇರಬೇಕು. ಇನ್ನು ದುಡ್ಡು ಮತ್ತು ಉಪಕರಣ. ಇದನ್ನು ಐದನೆಯದಾಗಿ ಇಟ್ಟಿದ್ದೇನೆ. ಯಾಕೆಂದರೆ ಇಲ್ಲಿ ಅತಿ ದುಬಾರಿ ದಾರಿಯೂ ಒಂದೆರಡು ಸಾವಿರ ದಾಟುವುದಿಲ್ಲ.

ಜಂಪರ್ ಪಟ್ಟಿ: ಮೊದಲ ವಾರದ ಗೆಳೆಯ

40 ತಂತಿ ಒಂದಕ್ಕೊಂದು ಅಂಟಿಕೊಂಡು ಬಣ್ಣಬಣ್ಣದ ಪಟ್ಟಿಯಾಗಿ ಬರುವ ಜಂಪರ್ ವೈರ್ ನೂರು ರೂಪಾಯಿ ಒಳಗೇ ಸಿಗುತ್ತದೆ. ಮೇಲ್-ಮೇಲ್, ಮೇಲ್-ಫೀಮೇಲ್, ಫೀಮೇಲ್-ಫೀಮೇಲ್ ಎಂದು ಮೂರು ಜಾತಿ (ಮೇಲ್ ಎಂದರೆ ಪಿನ್ ಇರುವ ತುದಿ, ಫೀಮೇಲ್ ಎಂದರೆ ತೂತಿರುವುದು). ಬೇಕಾದಷ್ಟು ತಂತಿಯನ್ನು ಬಾಳೆನಾರು ಸೀಳಿದ ಹಾಗೆ ಸೀಳಿಕೊಂಡರೆ ಅದೇ ನಿಮ್ಮ ರಿಬ್ಬನ್ ಕೇಬಲ್. ಯಾವ ಬೋರ್ಡಿಗೂ ಆಗುತ್ತದೆ, ಯಾವ ಪಿನ್‌ನಿಂದ ಯಾವ ಪಿನ್‌ಗೆ ಬೇಕಾದರೂ ಹೋಗುತ್ತದೆ. ಕೋಡ್ ಇನ್ನೂ ಬದಲಾಗುತ್ತಿರುವಾಗ, ಇವತ್ತು 9ನೇ ಪಿನ್ ನಾಳೆ 10ನೇ ಪಿನ್ ಎಂದಿರುವಾಗ ಇದಕ್ಕಿಂತ ಒಳ್ಳೆಯದಿಲ್ಲ.

ತೊಂದರೆ ಶುರುವಾಗುವುದು ಎರಡನೆಯ ವಾರ. ಹತ್ತು ತಂತಿ ಬಿಡಿಬಿಡಿಯಾಗಿ ನಿಂತಿರುತ್ತವೆ, ಮೇಜು ಒರೆಸುವಾಗ ಒಂದು ಅರ್ಧ ಎದ್ದು ಬರುತ್ತದೆ, ಅದು ಯಾವುದು ಎಂದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕನ್ನಡದಲ್ಲಿ ಇದಕ್ಕೆ ಬಹಳ ಹಳೆಯ ಹೆಸರಿದೆ: ಲೂಸ್ ಕಾಂಟ್ಯಾಕ್ಟ್. ಫೀಮೇಲ್ ತುದಿಯ ಒಳಗಿನ ಪುಟ್ಟ ಸ್ಪ್ರಿಂಗ್ ಮತ್ತೆ ಮತ್ತೆ ಚುಚ್ಚಿದಷ್ಟೂ ಸಡಿಲಾಗುತ್ತದೆ. ಅಗ್ಗದ ಕೆಲವು ಪಟ್ಟಿಗಳಲ್ಲಿ ತಂತಿ ಪೂರ್ತಿ ತಾಮ್ರವೂ ಅಲ್ಲ, ಕಬ್ಬಿಣದ ಮೇಲೆ ತಾಮ್ರದ ಲೇಪ. ಒಂದು ತಂತಿ ಕತ್ತರಿಸಿ ತುದಿ ಸುಲಿದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಆ ಪಟ್ಟಿಯನ್ನು ಪವರ್‌ಗೆ ಬಳಸಬೇಡಿ.

ಆದರೆ ಜಂಪರ್‌ನಲ್ಲಿ ಒಂದು ಒಳದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಪ್ರತಿ ತಂತಿಯ ತುದಿಯಲ್ಲಿ ಇರುವ ಕಪ್ಪು ಪ್ಲಾಸ್ಟಿಕ್ ಗೂಡಿನ (ಇದಕ್ಕೇ ಹೌಸಿಂಗ್ ಎನ್ನುವುದು) ಒಂದು ಮಗ್ಗುಲಲ್ಲಿ ಉದ್ದನೆಯ ಸಣ್ಣ ಕಿಟಕಿ ಕಾಣುತ್ತದೆ, ಅದರ ಮೇಲೆ ಎಳೆಯ ನಾಲಿಗೆಯಂಥ ಪ್ಲಾಸ್ಟಿಕ್ ಚೂರು. ಹೊಲಿಗೆ ಸೂಜಿಯ ತುದಿಯಿಂದ ಆ ನಾಲಿಗೆಯನ್ನು ಕೂದಲೆಳೆಯಷ್ಟು ಮೇಲೆತ್ತಿ ತಂತಿಯನ್ನು ಹಿಂದಕ್ಕೆ ಎಳೆದರೆ ಲೋಹದ ತುದಿ ಇಡಿಯಾಗಿ ಹೊರಗೆ ಬರುತ್ತದೆ. ಜೋರು ಮಾಡಿದರೆ ನಾಲಿಗೆ ಮುರಿಯುತ್ತದೆ. ಮೊದಲ ಎರಡು ಮೂರು ಹಾಳಾಗಲಿ ಬಿಡಿ, 40 ಇವೆಯಲ್ಲ. ಈಗ ಎಂಟು ತಂತಿಗಳ ಎಂಟು ಬರಿಮೈ ತುದಿಗಳನ್ನು ಎಂಟು ಖಾನೆಯ ಒಂದೇ ಹೌಸಿಂಗ್‌ಗೆ, ಲೋಹದ ಮುಳ್ಳು ಕಿಟಕಿಯ ಕಡೆ ಇರುವಂತೆ ತಳ್ಳಿ. ‘ಟಿಕ್’ ಎಂದು ಕೂರುತ್ತದೆ. ಎಂಟು ಬಿಡಿ ತಂತಿ ಈಗ ಒಂದು ಪ್ಲಗ್. ಒಂದು ಸಡಿಲವಾದರೂ ಉಳಿದ ಏಳು ಹಿಡಿದುಕೊಳ್ಳುತ್ತವೆ. ಲೋಹದ ತುದಿಯನ್ನು ತಂತಿಗೆ ಅಮುಕಿ ಕೂರಿಸುವ ಕ್ರಿಂಪಿಂಗ್ ಟೂಲ್ ಬೇಡ, ಬೆಸುಗೆ ಬೇಡ, ಹೌಸಿಂಗ್‌ಗೆ ಕೆಲವೇ ರೂಪಾಯಿ. ಪಿಜಿಯಲ್ಲಿ ಕೂತು ಮಾಡಲು ಇದಕ್ಕಿಂತ ಸೊಗಸಾದ ಕೆಲಸ ನನಗೆ ತಿಳಿದಿಲ್ಲ. ನನ್ನನ್ನು ಕೇಳಿದರೆ ಹೊಸಬರಲ್ಲಿ ಹೆಚ್ಚಿನವರು ಇಲ್ಲಿಗೇ ನಿಂತರೂ ನಷ್ಟವಿಲ್ಲ.

ಎಫ್‌ಆರ್‌ಸಿ: ಒಮ್ಮೆ ಒತ್ತಿದರೆ ಆಯಿತು

ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿನ ಅಂಗಡಿಗೆ ಹೋಗಿ ‘ಐಡಿಸಿ ಕನೆಕ್ಟರ್’ ಎಂದರೆ ಹುಡುಗ ಒಂದು ಕ್ಷಣ ಯೋಚಿಸುತ್ತಾನೆ. ‘ಎಫ್‌ಆರ್‌ಸಿ’ ಎಂದರೆ ಕೈ ಆಗಲೇ ಡಬ್ಬಕ್ಕೆ ಹೋಗಿರುತ್ತದೆ.

‘ಎಷ್ಟು ಪಿನ್ ಸರ್?’
‘ಹದಿನಾರು.’
‘ಬರೀ ಕನೆಕ್ಟರಾ, ಬಾಕ್ಸ್ ಹೆಡರೂ ಬೇಕಾ? ಕೇಬಲ್ ಮೀಟರ್ ಲೆಕ್ಕ.’

ಹೆಸರು ಬೇರೆಯಾದರೂ ವಸ್ತು ಒಂದೇ. ಕನೆಕ್ಟರ್‌ನ ಒಳಗೆ ಸೀಳುನಾಲಿಗೆಯ ಲೋಹದ ಹಲ್ಲುಗಳ ಸಾಲು. ಚಪ್ಪಟೆ ಕೇಬಲ್ ಇಟ್ಟು ಮೇಲಿನ ಮುಚ್ಚಳ ಒತ್ತಿದರೆ ಪ್ರತಿ ಹಲ್ಲೂ ಒಂದೊಂದು ತಂತಿಯ ಪ್ಲಾಸ್ಟಿಕ್ ಸೀಳಿ ಒಳಗಿನ ತಾಮ್ರವನ್ನು ಇಕ್ಕೆಲದಿಂದ ಕಚ್ಚಿಕೊಳ್ಳುತ್ತದೆ. ತಂತಿ ಸುಲಿಯುವ ಕೆಲಸವೇ ಇಲ್ಲ. 16 ತಂತಿ ಒಂದೇ ಏಟಿಗೆ. ಕಚ್ಚಿದ ಜಾಗಕ್ಕೆ ಗಾಳಿ ಹೊಗದಷ್ಟು ಬಿಗಿ ಇರುವುದರಿಂದ ತುಕ್ಕಿನ ಭಯವೂ ಕಡಿಮೆ. ಹಳೆಯ ಕಂಪ್ಯೂಟರುಗಳ ಹಾರ್ಡ್ ಡಿಸ್ಕ್ ಕೇಬಲ್ ವರ್ಷಗಟ್ಟಲೆ ನಡೆದದ್ದು ಇದೇ ಜೋಡಣೆಯಲ್ಲಿ.

ಅಳತೆಯ ಲೆಕ್ಕ ಇಲ್ಲಿ ಮುಖ್ಯ. ಕೇಬಲ್‌ನಲ್ಲಿ ತಂತಿಯಿಂದ ತಂತಿಗೆ 1.27 ಮಿ.ಮೀ., ಕನೆಕ್ಟರ್‌ನಲ್ಲಿ ಪಿನ್‌ನಿಂದ ಪಿನ್‌ಗೆ ಅದರ ಎರಡರಷ್ಟು, 2.54. ಹಾಗಾಗಿ 1ನೇ ತಂತಿ ಒಂದು ಸಾಲಿಗೆ, 2ನೆಯದು ಎದುರು ಸಾಲಿಗೆ, 3ನೆಯದು ಮತ್ತೆ ಈಚೆಗೆ, ಹೀಗೆ ಜಡೆ ಹೆಣೆದಂತೆ. ಬೆಸ ಸಂಖ್ಯೆಗಳೆಲ್ಲ ಒಂದು ಸಾಲು, ಸಮ ಸಂಖ್ಯೆಗಳೆಲ್ಲ ಇನ್ನೊಂದು. ಕೇಬಲ್‌ನ ಅಂಚಿನಲ್ಲಿರುವ ಕೆಂಪು ಗೆರೆ 1ನೇ ತಂತಿ. ಕನೆಕ್ಟರ್ ಮೇಲೆ ಅಚ್ಚಾಗಿರುವ ಪುಟ್ಟ ತ್ರಿಕೋನ 1ನೇ ಪಿನ್. ಎರಡು ತುದಿಯಲ್ಲೂ ಕೆಂಪು ಗೆರೆ ತ್ರಿಕೋನದ ಕಡೆ ಇದ್ದರೆ ಮುಗಿಯಿತು, ಬೇರೇನೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒತ್ತುವುದರಲ್ಲಿ ಮಾತ್ರ ಸೋಮಾರಿತನ ನಡೆಯದು. ನಾನು ಮೊದಲ ಸಲ ಇಕ್ಕಳದಲ್ಲಿ ಒತ್ತಿದೆ. ಒಂದು ಮೂಲೆ ಇಳಿಯಿತು, ಇನ್ನೊಂದು ಮೂಲೆ ಕೂದಲೆಳೆಯಷ್ಟು ಮೇಲೇ ಉಳಿಯಿತು. ಕಣ್ಣಿಗೆ ಎಲ್ಲ ಸರಿಯಾಗಿ ಕಂಡಿತು, 7ನೇ ತಂತಿ ಮಾತ್ರ ಕಚ್ಚಿರಲಿಲ್ಲ. ಎರಡು ಸಂಜೆ ಕೋಡಿನಲ್ಲಿ ತಪ್ಪು ಹುಡುಕಿದ್ದೇನೆ. ಈಗ ಮಾಡುವುದು ಹೀಗೆ: ಹೊಸ ಕಟರ್ ಬ್ಲೇಡಿನಿಂದ ಸ್ಕೇಲ್ ಇಟ್ಟು ಕೇಬಲ್ ತುದಿಯನ್ನು ನೇರ ಕತ್ತರಿಸುವುದು, ಕನೆಕ್ಟರ್ ಒಳಗೆ ತೂರಿಸಿ ತಂತಿಗಳ ಉಬ್ಬುಗಳು ಮುಚ್ಚಳದ ಕೆಳಗಿನ ಗೀರುಗಳಲ್ಲಿ ಕೂತಿವೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು, ಆಮೇಲೆ ಬೆಂಚ್ ವೈಸ್‌ನ ಎರಡು ದವಡೆಗಳ ನಡುವೆ ಇಟ್ಟು ನಿಧಾನ ತಿರುಗಿಸುವುದು. ಎರಡೂ ಬದಿಯ ಕೊಕ್ಕೆ ‘ಟಿಕ್’ ಎಂದು ಕೂತ ಮೇಲೆ ನಿಲ್ಲಿಸಬೇಕು; ಇನ್ನೊಂದು ಸುತ್ತು ತಿರುಗಿಸಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಕೊನೆಗೆ ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಮೊದಲು ಪ್ರತಿ ತಂತಿಯ ಎರಡು ತುದಿಗಳ ನಡುವೆ, ಆಮೇಲೆ ಆ ತಂತಿ ಮತ್ತು ಅದರ ಪಕ್ಕದ ತಂತಿಯ ನಡುವೆ ಪರೀಕ್ಷಿಸುವುದು. ಮೊದಲನೆಯದು ಕೂಗಬೇಕು, ಎರಡನೆಯದು ಕೂಗಬಾರದು. ವೈಸ್ ಇಲ್ಲದವರು ಅಂಗಡಿಯಲ್ಲೇ ಉದ್ದ ಹೇಳಿ ಒತ್ತಿಸಿಕೊಡಿ ಎನ್ನಬಹುದು, ಕೆಲವರು ಅಲ್ಲೇ ಒತ್ತಿಕೊಡುತ್ತಾರೆ. ಒಮ್ಮೆ ಒತ್ತಿದ ಕನೆಕ್ಟರನ್ನು ಕಿತ್ತು ಮತ್ತೆ ಬಳಸುವ ಆಸೆ ಬೇಡ.

ಎಫ್‌ಆರ್‌ಸಿಯ ದೊಡ್ಡ ಗುಣ ಬಾಕ್ಸ್ ಹೆಡರ್ ಜೊತೆಗಿದ್ದಾಗ ಗೊತ್ತಾಗುತ್ತದೆ. ಸುತ್ತ ಗೋಡೆ, ಒಂದು ಕಡೆ ಕಚ್ಚು. ಕನೆಕ್ಟರ್‌ನ ಉಬ್ಬು ಆ ಕಚ್ಚಿಗೇ ಬರಬೇಕು, ಉಲ್ಟಾ ಹಾಕಲು ಬರುವುದೇ ಇಲ್ಲ. ಆದರೆ ರಾಸ್‌ಬೆರಿ ಪೈನಲ್ಲಿ ಗೋಡೆ ಇಲ್ಲ, ಬರೀ ಪಿನ್‌ಗಳು (ನಮ್ಮಲ್ಲಿ ಇದಕ್ಕೆ ಬರ್ಗ್ ಸ್ಟ್ರಿಪ್ ಎನ್ನುತ್ತಾರೆ). ಅಲ್ಲಿ ಒಂದು ಸಾಲು ಆಚೀಚೆ ಕೂರಿಸಬಹುದು, ತಿರುಗಿಸಿಯೂ ಕೂರಿಸಬಹುದು. ತಿರುಗಿಸಿ ಹಾಕಿದರೆ 5 ವೋಲ್ಟ್‌ನ 2ನೇ ಪಿನ್ ಇರಬೇಕಾದಲ್ಲಿ 39ನೆಯ ಗ್ರೌಂಡ್ (0 ವೋಲ್ಟ್‌ನ ಪಿನ್) ಬಂದು ಕೂರುತ್ತದೆ.

ಪೈ ಎಂದಾಗ ಇನ್ನೊಂದು ಮಾತು. ಗುಜರಿಯಲ್ಲಿ ಸಿಗುವ ಹಳೆಯ ಹಾರ್ಡ್ ಡಿಸ್ಕ್ ಕೇಬಲ್‌ಗೂ 40 ತೂತು, ಪೈಗೂ 40 ಪಿನ್. ಎಲ್ಲರಿಗೂ ಹೊಳೆಯುವ ಉಪಾಯವೇ. ಆದರೆ ಆ ಕೇಬಲ್‌ಗಳಲ್ಲಿ ಎರಡು ಬಗೆ. ಹಳೆಯದರಲ್ಲಿ 40 ತಂತಿ. ಆಮೇಲೆ ಬಂದದ್ದರಲ್ಲಿ ವೇಗ ಹೆಚ್ಚಿದಾಗ ಸಿಗ್ನಲ್ ಒಂದಕ್ಕೊಂದು ಕಲೆಯದಿರಲಿ ಎಂದು ನಡುನಡುವೆ ಗ್ರೌಂಡ್ ತಂತಿ ಸೇರಿಸಿ 80 ಮಾಡಿದರು. ಈ 80 ತಂತಿಯದರಲ್ಲಿ ಎಲ್ಲ ಗ್ರೌಂಡ್ ಪಿನ್‌ಗಳೂ ಕನೆಕ್ಟರ್ ಒಳಗೇ ಒಂದಕ್ಕೊಂದು ಸೇರಿರುತ್ತವೆ: 2, 19, 22, 24, 26, 30, 40. ಪೈನಲ್ಲಿ 2 ಎಂದರೆ 5 ವೋಲ್ಟ್, 30 ಎಂದರೆ ಗ್ರೌಂಡ್. ಕೇಬಲ್ ಹಾಕಿದ ಕೂಡಲೇ ಎರಡೂ ಶಾರ್ಟ್. ತಂತಿಗಳು ನವಿರಾಗಿ, ಒತ್ತೊತ್ತಾಗಿ ಕಂಡರೆ ಅದು 80ರದ್ದು, ಮುಟ್ಟಬೇಡಿ. 40ರದ್ದಾದರೂ ಹಲವು ಕೇಬಲ್‌ಗಳಲ್ಲಿ 20ನೇ ತೂತು ಮುಚ್ಚಿರುತ್ತದೆ, ಪೈ ಪಿನ್ ಮೇಲೆ ಕೂರುವುದಿಲ್ಲ. ಮೀಟರ್ ಲೆಕ್ಕದಲ್ಲಿ ಹೊಸ ಕೇಬಲ್ ಕೊಳ್ಳುವುದು ಇದಕ್ಕಿಂತ ನೆಮ್ಮದಿ.

ಸ್ವತಃ ಕ್ರಿಂಪ್ ಮಾಡುವುದು

ಕೇಬಲ್‌ನ ಒಂದು ತುದಿ ಎರಡು ಸಾಲು, ಇನ್ನೊಂದು ತುದಿ ಬಿಡಿ ಪಿನ್‌ಗಳು ಎಂದಾದಾಗ ಎಫ್‌ಆರ್‌ಸಿ ಒಂದೇ ಸಾಕಾಗುವುದಿಲ್ಲ. ರಿಬ್ಬನ್ ತುದಿಯನ್ನು ನಾಲ್ಕು ಬೆರಳಗಲ ಬಿಡಿಸಿ, ಪ್ರತಿ ತಂತಿಯ ತುದಿ ಸುಲಿದು, ಜಂಪರ್‌ನಲ್ಲಿರುವಂಥ ಲೋಹದ ತುದಿಯನ್ನು ನೀವೇ ಕ್ರಿಂಪ್ ಮಾಡಿ ಹೌಸಿಂಗ್‌ಗೆ ತುರುಕಬೇಕು. ಹಲ್ಲುಗಾಲಿ ಇರುವ ಕ್ರಿಂಪಿಂಗ್ ಟೂಲ್‌ಗೆ ಸಾವಿರದ ಸುತ್ತ ಖರ್ಚು. ಸಾಧಾರಣ ಇಕ್ಕಳದಲ್ಲೂ ಆಗುತ್ತದೆ ಎನ್ನುವವರ ಮಾತು ಕೇಳಬೇಡಿ. ಈ ತುದಿಯಲ್ಲಿ ಎರಡು ಜೊತೆ ರೆಕ್ಕೆ ಇರುತ್ತವೆ, ಮುಂದಿನ ಜೊತೆ ತಾಮ್ರವನ್ನು, ಹಿಂದಿನದು ಪ್ಲಾಸ್ಟಿಕ್ಕನ್ನು ತಬ್ಬಿಕೊಳ್ಳಬೇಕು. ಇಕ್ಕಳ ಎರಡನ್ನೂ ಚಪ್ಪಟೆ ಮಾಡುತ್ತದೆ, ತಬ್ಬಿಸುವುದಿಲ್ಲ. ಎಳೆದು ನೋಡಿದರೆ ತಂತಿ ಕೈಗೇ ಬರುತ್ತದೆ.

ವರ್ಷಕ್ಕೊಂದು ಕೇಬಲ್ ಮಾಡುವವರು ಟೂಲ್ ಕೊಳ್ಳಬೇಕಿಲ್ಲ, ಸೂಜಿಯ ಉಪಾಯವೇ ಸಾಕು. ತಿಂಗಳಿಗೊಂದು ಮಾಡುವವರಿಗೆ ಟೂಲ್ ಬೇಗನೆ ದುಡ್ಡು ತೀರಿಸಿಕೊಡುತ್ತದೆ. ಅದೇ ಕೈಯಲ್ಲಿ ರಿಲಿಮೇಟ್ ಕನೆಕ್ಟರ್‌ಗೂ ಕ್ರಿಂಪ್ ಮಾಡಬಹುದು, ಅದಕ್ಕೆ ಕೊಕ್ಕೆಯೂ ಇದೆ, ದಿಕ್ಕೂ ಇದೆ, ಅಲುಗಾಟಕ್ಕೆ ಜಂಪರ್‌ಗಿಂತ ಎಷ್ಟೋ ವಾಸಿ.

ಸ್ಕ್ರೂ ಟರ್ಮಿನಲ್: ದಪ್ಪ ತಂತಿಯ ಸಂಬಂಧಿಕ

ಊನೊ, ನ್ಯಾನೊ, ಇಎಸ್‌ಪಿ32 ಎಲ್ಲಕ್ಕೂ ಹಸಿರು ಅಥವಾ ನೀಲಿ ಸ್ಕ್ರೂ ಟರ್ಮಿನಲ್‌ಗಳ ಬೋರ್ಡು ಸಿಗುತ್ತದೆ. ನೋಡಿದರೆ ಕಾರ್ಖಾನೆಯ ಗಾಂಭೀರ್ಯ. ಆದರೆ ರಿಬ್ಬನ್ ಕೇಬಲ್‌ನ ತಂತಿ ಇದಕ್ಕೆ ತೀರಾ ಸಪೂರ. 28 ಗೇಜ್ ಎಂದರೆ 0.08 ಚದರ ಮಿ.ಮೀ. ಅಷ್ಟೇ, ಅದೂ ಏಳು ಕೂದಲೆಳೆಗಳ ಕಟ್ಟು. ಸ್ಕ್ರೂ ತಿರುಗಿಸಿದಾಗ ಎಳೆಗಳು ಬದಿಗೆ ಸರಿಯುತ್ತವೆ, ಇಲ್ಲವೇ ಒಂದೊಂದಾಗಿ ತುಂಡಾಗುತ್ತವೆ. ತುದಿ ಉದ್ದ ಸುಲಿದು, ಹುರಿ ಹಾಕಿ, ಎರಡು ಮೂರು ಮಡಿಕೆ ಮಡಚಿ ಹಾಕಿದರೆ ಹಿಡಿಯುತ್ತದೆ. ಮನೆಯ ವೈರಿಂಗ್‌ಗೆ ಈಗೀಗ ಬಳಕೆಯಾಗುತ್ತಿರುವ ಪುಟ್ಟ ಲೀವರ್ ಎತ್ತಿ ಇಳಿಸುವ ವ್ಯಾಗೊ 221 ಕನೆಕ್ಟರ್‌ಗಳ ಆಸೆಯೂ ಬೇಡ. ಎಳೆತಂತಿಗೆ ಅದರ ಕನಿಷ್ಠ ಅಳತೆಯೇ 0.14 ಚದರ ಮಿ.ಮೀ.

ಹಾಗಾದರೆ ಯಾರಿಗೆ? ಬಾಲ್ಕನಿಯ ಗಿಡಗಳಿಗೆ ನೀರು ಬಿಡುವ ಪಂಪು, ರಿಲೇ, ಹೊರಗಿನಿಂದ ಬರುವ ದಪ್ಪ ತಂತಿ ಇರುವವರಿಗೆ ಇದು ಸರಿ. ರಿಬ್ಬನ್ನೂ ಬೇಕು ಸ್ಕ್ರೂವೂ ಬೇಕು ಎಂದರೆ ಒಂದು ಕಡೆ ಬಾಕ್ಸ್ ಹೆಡರ್, ಇನ್ನೊಂದು ಕಡೆ ಸ್ಕ್ರೂ ಸಾಲು ಇರುವ ಅಡಾಪ್ಟರ್ ಬೋರ್ಡುಗಳು ಬರುತ್ತವೆ. ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಕಾಣಸಿಗುವುದು ಇವೇ. ಹವ್ಯಾಸಕ್ಕೆ ದುಬಾರಿ, ಆದರೆ ತಂತಿಯನ್ನು ಕಚ್ಚುವ ಕೆಲಸ ಎಫ್‌ಆರ್‌ಸಿಗೆ, ಬಿಗಿಯುವ ಕೆಲಸ ಸ್ಕ್ರೂಗೆ ಎಂದು ಹಂಚಿಕೆ ಚೆನ್ನಾಗಿದೆ.

ಬೋರ್ಡಿನಲ್ಲಿ ಪಿನ್ನೇ ಇಲ್ಲದಿದ್ದರೆ

ಪಿಕೊ, ಪೈ ಜೀರೊ ಮುಂತಾದವು ಅಗ್ಗದ ರೂಪದಲ್ಲಿ ಖಾಲಿ ರಂಧ್ರಗಳೊಂದಿಗೆ ಬರುತ್ತವೆ. ಬರ್ಗ್ ಸ್ಟ್ರಿಪ್ಪನ್ನು ರಂಧ್ರಕ್ಕೆ ತೂರಿಸಿ ಓರೆಯಾಗಿ ಒತ್ತಿ ಹಿಡಿದರೆ ಸಂಪರ್ಕ ಸಿಗುತ್ತದೆ, ಕೈ ಬಿಟ್ಟರೆ ಹೋಗುತ್ತದೆ. ಇದಕ್ಕೆ ನನ್ನ ಸಲಹೆ ಸಪ್ಪೆಯಾದದ್ದು: ಕಾರ್ಖಾನೆಯಲ್ಲೇ ಪಿನ್ ಕೂರಿಸಿದ ಬೋರ್ಡು ಕೊಳ್ಳಿ. ಪಿಕೊದಲ್ಲಿ ಅದರ ಹೆಸರು ಪಿಕೊ ಎಚ್, ಪೈ ಜೀರೊದಲ್ಲಿ ಡಬ್ಲ್ಯೂಎಚ್. ಈಗಾಗಲೇ ಕೊಂಡಾಗಿದ್ದರೆ, ಪೈ ಜೀರೊಗೆ ಪಿಮೊರೊನಿಯವರ ‘ಹ್ಯಾಮರ್ ಹೆಡರ್’ ಇದೆ. ಪಿನ್‌ಗಳ ಬುಡ ಸ್ವಲ್ಪ ಉಬ್ಬಿರುತ್ತದೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ರಂಧ್ರದಲ್ಲಿ ಬಿಗಿಯಾಗಿ ಕೂರುತ್ತದೆ. ಪ್ರೋಗ್ರಾಂ ತುಂಬಿಸಲು ಐದು ನಿಮಿಷ ಸಾಕು ಎನ್ನುವಾಗ ಸ್ಪ್ರಿಂಗ್ ಪಿನ್‌ಗಳ ಕ್ಲಿಪ್ ಸಿಗುತ್ತದೆ, ಬಟ್ಟೆ ಕ್ಲಿಪ್ಪಿನಂತೆ ಕಚ್ಚಿಸಿ ಕೆಲಸ ಮುಗಿಸಿ ತೆಗೆಯುವುದು.

ಬ್ರೆಡ್‌ಬೋರ್ಡ್ (ತಂತಿ ಚುಚ್ಚಿ ಪ್ರಯೋಗ ಮಾಡುವ ತೂತುಗಳ ಹಲಗೆ) ಬಗ್ಗೆ ಒಂದೇ ಮಾತು: ರಿಬ್ಬನ್‌ನ ಎಳೆತಂತಿ ಅದರ ತೂತಿಗೆ ಇಳಿಯದೆ ಬಾಗಿಬಿಡುತ್ತದೆ, ಪೈ ಇದ್ದವರು 40 ಪಿನ್ ಕೇಬಲ್ ಜೊತೆಗೆ ಬರುವ ‘ಟಿ’ ಆಕಾರದ ಅಡಾಪ್ಟರ್ ತೆಗೆದುಕೊಳ್ಳಿ. ಇನ್ನು ಕ್ಯಾಮೆರಾಗಳಿಗೆ ಬರುವ ಹಾಳೆಯಂಥ ಚಪ್ಪಟೆ ಕೇಬಲ್ ಬೇರೆಯೇ ಜಾತಿ, 1 ಅಥವಾ 0.5 ಮಿ.ಮೀ. ಅಂತರದ್ದು. ಕಪ್ಪು ಬೀಗ ಎತ್ತಿ, ಹಾಳೆ ತೂರಿಸಿ, ಬೀಗ ಒತ್ತಬೇಕು. ಕೊಳ್ಳುವಾಗ ಎರಡು ತುದಿಯ ಲೋಹ ಒಂದೇ ಮಗ್ಗುಲಲ್ಲಿದೆಯೋ ಎದುರು ಮಗ್ಗುಲಲ್ಲಿದೆಯೋ ಎಂದು ನೋಡಿ ತನ್ನಿ.

ಎಷ್ಟೋ ಸಲ ಸರಿಯಾದ ಉತ್ತರ ತಂತಿಯನ್ನೇ ಕಡಿಮೆ ಮಾಡುವುದು. 16x2 ಎಲ್‌ಸಿಡಿಗೆ ರಿಬ್ಬನ್ ಹುಡುಕುವವರು ಅದರ ಬೆನ್ನಿಗೆ ಐ2ಸಿ ಬೋರ್ಡು (ಎರಡೇ ಸಿಗ್ನಲ್ ತಂತಿಯಲ್ಲಿ ಮಾತಾಡಿಸುವಂಥದ್ದು) ಅಂಟಿಸಿರುವುದನ್ನೇ ಕೊಂಡರೆ ನಾಲ್ಕು ತಂತಿಯಲ್ಲಿ ಕೆಲಸ ಮುಗಿಯುತ್ತದೆ. ಸೆನ್ಸರ್‌ಗಳಿಗೆ ಗ್ರೋವ್, ಕ್ವಿಕ್ ಎಂಬ ನಾಲ್ಕು ತಂತಿಯ ಸಿದ್ಧ ಕೇಬಲ್‌ಗಳಿವೆ. ತುಸು ದುಬಾರಿ, ಆದರೆ ಹೈಸ್ಕೂಲ್ ಮಕ್ಕಳ ಕೈಗೆ ಕೊಡಲು ನಾನು ಆರಿಸುವುದು ಅದನ್ನೇ. ಉಲ್ಟಾ ಹೋಗುವುದೇ ಇಲ್ಲ.

ಉದ್ದದ ವಿಷಯ ಮರೆಯಬಾರದು. ರಿಬ್ಬನ್‌ನಲ್ಲಿ ತಂತಿಗಳು ಮೈಗೆ ಮೈ ಅಂಟಿಕೊಂಡಿರುವುದರಿಂದ ಒಂದರ ಮಾತು ಪಕ್ಕದ್ದಕ್ಕೆ ಕೇಳಿಸುತ್ತದೆ. ವೇಗದ ಸಿಗ್ನಲ್ ಇದ್ದರೆ ಒಂದು ಗೇಣಿನ ಕೇಬಲ್ ಸಾಕೆನ್ನಿಸುವಂತೆ ಜೋಡಿಸಿ. ಉದ್ದ ಬೇಕೇ ಬೇಕೆಂದರೆ ಉಳಿದ ಸಿಗ್ನಲ್‌ಗಳಿಗೆ ತಾಳ ಹಾಕುವ ಕ್ಲಾಕ್ ತಂತಿಯ ಎರಡೂ ಪಕ್ಕ ಗ್ರೌಂಡ್ ಇರಲಿ. ಜಂಪರ್‌ನಲ್ಲಿ ಈ ಶಿಸ್ತು ನೀವೇ ತರಬೇಕು, ಎಫ್‌ಆರ್‌ಸಿಯಲ್ಲಿ ಪಿನ್ ಹಂಚುವಾಗಲೇ ತಂದುಕೊಳ್ಳಬಹುದು.

ಯಾರು ಯಾವುದು ಕೊಳ್ಳಲಿ

ಇನ್ನೂರು ರೂಪಾಯಿ ಒಳಗೆ, ಉಪಕರಣ ಏನೂ ಇಲ್ಲ ಎನ್ನುವವರು ಒಂದು ಜಂಪರ್ ಪಟ್ಟಿ, ನಾಲ್ಕೈದು ಹೌಸಿಂಗ್, ಮನೆಯ ಸೂಜಿ. ರಾಸ್‌ಬೆರಿ ಪೈ ಅಥವಾ ಎರಡು ಸಾಲಿನ ಪಿನ್ ಒತ್ತಾಗಿ ನಿಂತಿರುವ ಯಾವುದೇ ಬೋರ್ಡು ಇದ್ದವರು ಯೋಚನೆಯೇ ಮಾಡದೆ ಎಫ್‌ಆರ್‌ಸಿ, ಅಂಗಡಿಯಲ್ಲಿ ಒತ್ತಿಸಿಕೊಂಡೇ ಬನ್ನಿ. ರೋಬೊ ಮಾಡುವವರು, ಅಲುಗಾಡುವ ಯಾವುದನ್ನಾದರೂ ಮಾಡುವವರು ಬಾಕ್ಸ್ ಹೆಡರ್ ಇರುವ ಬೋರ್ಡನ್ನೇ ಹುಡುಕಿ. ಆಗದಿದ್ದರೆ ಕ್ರಿಂಪಿಂಗ್ ಟೂಲ್‌ಗೆ ದುಡ್ಡು ಹಾಕಿ. ಗೋಡೆಗೆ ಹಾಕಿ ವರ್ಷಗಟ್ಟಲೆ ಮರೆಯಬೇಕೆಂದರೆ ಎಫ್‌ಆರ್‌ಸಿಯಿಂದ ಸ್ಕ್ರೂ ಅಡಾಪ್ಟರ್. ಕೋಡೇ ಇನ್ನೂ ಸರಿಯಾಗಿಲ್ಲ ಎನ್ನುವವರು ಏನನ್ನೂ ಕೊಳ್ಳಬೇಡಿ, ಇರುವ ಜಂಪರ್‌ನಲ್ಲೇ ಇನ್ನೊಂದು ವಾರ ನಡೆಸಿ. ಪಿನ್ ನಿಶ್ಚಯವಾಗದೆ ಕೇಬಲ್ ಮಾಡುವುದು ಅಳತೆ ಕೊಡದೆ ರವಿಕೆ ಹೊಲಿಸಿದಂತೆ.

ಅಕ್ಕನ ಮಗಳಿಗೆ ಎರಡು ಹಂತ ಹೇಳಿದೆ. ಮೊದಲು, ಪ್ಯಾನೆಲ್ ಜೊತೆ ಬಂದ ಕೇಬಲ್‌ನ ಒಂದು ತುದಿ ಪ್ಯಾನೆಲ್‌ಗೆ, ಇನ್ನೊಂದು ತುದಿಯ ತೂತುಗಳಿಗೆ ಮೇಲ್-ಮೇಲ್ ಜಂಪರ್ ಚುಚ್ಚಿ ಊನೊಗೆ. ಪ್ಯಾನೆಲ್ ಹಿಂದೆ ಒಂದೇ ತರಹದ ಎರಡು ಬಾಕ್ಸ್ ಹೆಡರ್ ಇರುತ್ತವೆ, ಬಾಣದ ಗುರುತು ಯಾವ ಕಡೆಯಿಂದ ಹೊರಡುತ್ತದೋ ಅದು ಒಳಗೆ ಬರುವ ದಾರಿ. ಇನ್ನೊಂದಕ್ಕೆ ಹಾಕಿದರೆ ಏನೂ ಬೆಳಗುವುದಿಲ್ಲ. ಒಂದೇ ಬಣ್ಣದ ಪಿ10ನಲ್ಲಿ 16 ತಂತಿಗಳ ಪೈಕಿ ಬೇಕಾದದ್ದು ಆರೇ ಸಿಗ್ನಲ್, 1, 2, 4, 8, 10, 12ನೇ ತಂತಿ. 3ರಿಂದ ಮುಂದಿನ ಬೆಸ ಸಂಖ್ಯೆಗಳು ಗ್ರೌಂಡ್, ಕ್ಲಾಕ್‌ನ ಇಕ್ಕೆಲದಲ್ಲೂ ತಾನಾಗಿಯೇ ಗ್ರೌಂಡ್ ಬರುವ ಜಾಣ ಜೋಡಣೆ. ಬೋರ್ಡಿನ ಮೇಲಿನ ಅಚ್ಚು ನೋಡಿ ಒಮ್ಮೆ ತಾಳೆ ಹಾಕಿಕೊಳ್ಳಲು ಹೇಳಿದೆ.

ಅಕ್ಷರ ಓಡಿದ ಮೇಲೆ ಎರಡನೆಯ ಹಂತ. ಶನಿವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದಳು, ಎಸ್.ಪಿ. ರೋಡಿಗೆ ಅಲ್ಲಿಂದ ನಡಿಗೆ. (ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ.) ಮೊಣಕೈ ಉದ್ದದ ಕೇಬಲ್‌ಗೆ ಒಂದೇ ತುದಿಯಲ್ಲಿ ಎಫ್‌ಆರ್‌ಸಿ ಒತ್ತಿಸಿಕೊಂಡಳು. ಇನ್ನೊಂದು ತುದಿಯನ್ನು ಬಿಡಿಸಿ, ನನ್ನ ಮನೆಗೆ ಬಂದು ನನ್ನ ಟೂಲ್‌ನಲ್ಲಿ ಏಳು ತುದಿ ಕ್ರಿಂಪ್ ಮಾಡಿದಳು. ಎಂಟನೆಯದು ಅಭ್ಯಾಸಕ್ಕೆಂದು ಹಾಳಾಯಿತು. ಊನೊದ ಆ ಹಾಳು ಸಂದಿನಿಂದಾಗಿ ಒಂದೇ ಪ್ಲಗ್ ಆಗಲಿಲ್ಲ. ಗ್ರೌಂಡ್‌ನಿಂದ 8ರವರೆಗೆ ಏಳು ಖಾನೆಯ ಒಂದು ಹೌಸಿಂಗ್, ಅದರಲ್ಲಿ 12 ಮತ್ತು 10 ಖಾಲಿ. 7 ಮತ್ತು 6ಕ್ಕೆ ಎರಡು ಖಾನೆಯ ಇನ್ನೊಂದು. ದಿಕ್ಕು ತಪ್ಪದಿರಲಿ ಎಂದು ಎರಡರ ಒಂದು ಅಂಚಿಗೂ, ಬೋರ್ಡಿನ ಅದೇ ಅಂಚಿಗೂ ಕೆಂಪು ಉಗುರುಬಣ್ಣದ ಚುಕ್ಕಿ ಇಟ್ಟಳು.

ರಾತ್ರಿ ಮತ್ತೆ ಫೋನ್. ‘ಮಾಮ, ಎಲ್ಲಾ ಸರಿಯಾಗಿ ಕೂತಿದೆ, ಆದ್ರೆ ಅಕ್ಷರ ತಲೆಕೆಳಗಾಗಿ ಓಡ್ತಿದೆ!’ ಕೇಬಲ್ ಫೋಟೊ ತರಿಸಿಕೊಂಡು ನೋಡಿದೆ. ಕೆಂಪು ಗೆರೆ, ತ್ರಿಕೋನ, ಉಗುರುಬಣ್ಣ ಎಲ್ಲ ಅದರದರ ಜಾಗದಲ್ಲೇ ಇದ್ದವು. ಪ್ಯಾನೆಲ್ಲನ್ನೇ ಉಲ್ಟಾ ನೇತುಹಾಕಿದ್ದಳು.